ಪ್ಲೈವುಡ್ ಮೇಲಿನ ಸೀಲು ಯಾರ ಸೀಲು? ಸರ್ಟಿಫಿಕೇಟ್ ಕೊಡೋ ಖಾಸಗಿಯವರನ್ನ ನೋಡ್ಕೊಳೋರು ಯಾರು?

ಹನುಮಂತನಗರದವಳು

ಎಲ್ಲರಿಗೂ ನಮಸ್ಕಾರ. 2024ರ ಯುಗಾದಿಗೆ ಮುಂಚೆ ನಮ್ಮ ಅಡುಗೆಮನೆ ಹೊಸದಾಗಿ ಮಾಡಿಸಿದ್ವಿ. ಕಾರ್ಪೆಂಟರ್ ಗೊತ್ತಿರೋರೇ, ನಮ್ಮತ್ತೆ ಮನೆ ಬಾಗಿಲು ಮಾಡಿದ್ದೂ ಅವ್ರೇ. ಸಿಂಕ್ ಕೆಳಗೆ ನೀರು ಸೋರೋದು ಇದ್ದಿದ್ದೇ ಅಕ್ಕ, ಅಲ್ಲಿಗೆ ಮಾತ್ರ ಸೆವೆನ್ ಟೆನ್ ಪ್ಲೈ ಹಾಕ್ಸಿ, ಕಾಸು ಜಾಸ್ತಿ ಆದ್ರೂ ಪರ್ವಾಗಿಲ್ಲ ಅಂದ್ರು. ಸರಿ ಅಂತ ಇಬ್ರೂ ಅಂಗಡಿಗೆ ಹೋಗಿ ತಂದ್ವಿ. ಶೀಟ್ ಮೇಲೆ ನೇರಳೆ ಇಂಕಲ್ಲಿ ದೊಡ್ಡದಾಗಿ ಐಎಸ್ 710 ಅಂತ ಒಂದು ಸೀಲು, ಪಕ್ಕದಲ್ಲಿ ಐಎಸ್ಒ 9001 ಸರ್ಟಿಫೈಡ್ ಅಂತ ಇನ್ನೊಂದು, ಅದರ ಕೆಳಗೆ ಲ್ಯಾಬ್ ಟೆಸ್ಟೆಡ್ ಅಂತ ಮತ್ತೊಂದು. ಮೂರು ಸೀಲು ನೋಡಿದ್ಮೇಲೆ ಇನ್ನೇನು ಕೇಳೋದು, ದುಡ್ಡು ಕೊಟ್ಟು ಬಂದ್ವಿ.

ಈಗ ಸಿಂಕ್ ಕೆಳಗಿನ ಬಾಗಿಲು ಮುಚ್ಚೋಕೇ ಆಗ್ತಿಲ್ಲ. ಅಡಿ ಹಲಗೆ ಹಪ್ಪಳದ ಹಾಗೆ ಉಬ್ಬಿದೆ, ಲ್ಯಾಮಿನೇಟ್ ಅಂಚಲ್ಲಿ ಉಗುರು ಹಾಕಿದ್ರೆ ಒಳಗಿನ ಪದರ ಒದ್ದೆ ಕಾಗದ ಕಿತ್ತ ಹಾಗೆ ಬರುತ್ತೆ, ಬೂಷ್ಟಿನ ವಾಸನೆ ಬೇರೆ. ಪೈಪ್ ಒಡೆದಿಲ್ಲ, ಪ್ರವಾಹ ಬಂದಿಲ್ಲ, ಪಾತ್ರೆ ತೊಳೆದಾಗ ಬೀಳೋ ನೀರು ಅಷ್ಟೇ.

ಅಟ್ಟದ ಮೇಲೆ ಉಳಿದ ತುಂಡುಗಳಿದ್ವು, ಒಂದರ ಮೇಲೆ ಆ ಸೀಲು ಹಾಗೇ ಇದೆ. ಸೀಲಿಲ್ಲದ ಒಂದು ಅಂಗೈಯಗಲ ತುಂಡು ತಗೊಂಡು ಹಳೇ ಪಾತ್ರೇಲಿ ನೀರು ಹಾಕಿ ಕುದಿಯೋಕಿಟ್ಟೆ. ಎರಡೂವರೆ ಗಂಟೆಗೆ ನೀರು ಕಾಫಿ ಬಣ್ಣ ಆಯ್ತು, ತರಕಾರಿ ಚಾಕು ತುದಿ ತೂರಿಸಿದ್ರೆ ಪದರ ಸಲೀಸಾಗಿ ಬಿಡ್ತು. ಅಂಗಡಿಯವ್ರು ಹೇಳೋದು ಕಂಪನಿ ಸರ್ಟಿಫಿಕೇಟ್ ಇದೆ ಮೇಡಂ ನಾವೇನು ಮಾಡೋಕಾಗುತ್ತೆ ಅಂತ.

ನನ್ನ ಪ್ರಶ್ನೆ ಇಷ್ಟೇ. ಈ ಸೀಲು ಹಾಕೋರು ಯಾರು, ಆ ಸರ್ಟಿಫಿಕೇಟ್ ಕೊಡೋರು ಯಾರು, ಅವ್ರನ್ನ ಸರ್ಕಾರ ಯಾರಾದ್ರೂ ನೋಡ್ಕೊತಾರಾ ಇಲ್ವಾ? ದುಡ್ಡು ಹೋಯ್ತು ಅನ್ನೋದಕ್ಕಿಂತ ಸೀಲು ನಂಬಿದ್ನಲ್ಲ ಅನ್ನೋದು ನಂಗೆ ಜಾಸ್ತಿ ಹೊಟ್ಟೆ ಉರಿಸ್ತಿದೆ.

ಲ್ಯಾಬ್ ಕೆಲಸದವನು, ರಾಜಾಜಿನಗರ

ಅಕ್ಕ, ಆ ತುಂಡನ್ನ ಎಸೀಬೇಡಿ, ಮೊದಲು ಅದು ಹೇಳ್ಬಿಡ್ತೀನಿ.

ಮೂರು ಸೀಲೂ ಬೇರೆ ಬೇರೆ, ಒಂದೊಂದಾಗಿ ನೋಡಿ. ಐಎಸ್ 710 ಅಂದ್ರೆ ನೀರಿಗೆ ತಡ್ಕೊಳೋ ಮರೈನ್ ಪ್ಲೈವುಡ್ಡಿಗೆ ಬಿಐಎಸ್, ಅಂದ್ರೆ ಗುಣಮಟ್ಟದ ನಿಯಮ ಬರೆಯೋ ಕೇಂದ್ರ ಸರ್ಕಾರದ ಸಂಸ್ಥೆ, ಬರೆದಿರೋ ಸ್ಟ್ಯಾಂಡರ್ಡ್ ನಂಬರ್ ಅಷ್ಟೇ. ನಂಬರ್ ಯಾರು ಬೇಕಾದ್ರೂ ರಬ್ಬರ್ ಸ್ಟಾಂಪಲ್ಲಿ ಹೊಡೀಬಹುದು. ಅಸಲಿ ಐಎಸ್ಐ ಮಾರ್ಕಲ್ಲಿ ಮೇಲೆ ಆ ಐಎಸ್ ನಂಬರ್, ಮಧ್ಯೆ ಲಾಂಛನ, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಲೇಬೇಕು. ಆ ಲೈಸೆನ್ಸ್ ನಂಬರ್ರೇ ಜೀವಾಳ. ಬಿಐಎಸ್ ಕೇರ್ ಆಪಲ್ಲಿ ಹೊಡೆದ್ರೆ ಯಾವ ಫ್ಯಾಕ್ಟರಿ, ಯಾವ ವಸ್ತುವಿಗೆ, ಲೈಸೆನ್ಸ್ ಚಾಲ್ತೀಲಿದೆಯಾ ಎಲ್ಲ ಬರುತ್ತೆ. ನಿಮ್ಮ ತುಂಡಲ್ಲಿ ಅದು ಇದೆಯಾ ನೋಡಿ.

ಎರಡನೇದು ಐಎಸ್ಒ 9001. ಇದು ವಸ್ತುವಿನ ಗುಣಮಟ್ಟದ ಸರ್ಟಿಫಿಕೇಟೇ ಅಲ್ಲ. ಕಂಪನಿ ತನ್ನ ಕೆಲಸ ಒಂದು ಕ್ರಮದಲ್ಲಿ ಮಾಡುತ್ತೆ, ದಾಖಲೆ ಇಟ್ಕೊಳುತ್ತೆ ಅನ್ನೋದಕ್ಕೆ ಕೊಡೋದು. ಜಿನೀವಾದ ಐಎಸ್ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಸ್ಟ್ಯಾಂಡರ್ಡ್ ಬರೆದು ಬಿಡುತ್ತೆ, ಸರ್ಟಿಫಿಕೇಟ್ ಕೊಡೋದು ಖಾಸಗಿ ಏಜೆನ್ಸಿಗಳು. ಪ್ಲೈ ಶೀಟ್ ಮೇಲೆ 9001 ಅಂತ ಹೊಡೆಯೋದು ಗಿರಾಕಿ ಕಣ್ಣಿಗೆ ಮಣ್ಣೆರಚೋ ಕೆಲಸ.

ಮೂರನೇದು ಲ್ಯಾಬ್ ಟೆಸ್ಟೆಡ್. ಇದು ನನ್ನ ಹೊಟ್ಟೆಪಾಡಿನ ವಿಷ್ಯ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನಾನು ಖಾಸಗಿ ಟೆಸ್ಟಿಂಗ್ ಲ್ಯಾಬಲ್ಲಿ ಹನ್ನೊಂದು ವರ್ಷ ಇದ್ದೆ. ಐಎಸ್ 710 ಪ್ಲೈ ಅಂದ್ರೆ 72 ಗಂಟೆ ಕುದಿಸಿದ ಮೇಲೂ ಅಂಟು ಬಿಡಬಾರದು, ಚಾಕು ಹಾಕಿ ಎಬ್ಬಿಸಿದ್ರೆ ಮರದ ನಾರು ಕಿತ್ಕೊಂಡು ಬರಬೇಕೇ ಹೊರತು ಪದರ ಸಲೀಸಾಗಿ ಬಿಡಬಾರದು. ನಿಮ್ಮದು ಎರಡೂವರೆ ಗಂಟೆಗೇ ಬಿಟ್ಟಿದೆ ಅಂದ್ರೆ ಅದರಲ್ಲಿರೋದು ನೀರಿಗೆ ಬಿಡದ ಫೀನಾಲ್ ಅಂಟೇ ಅಲ್ಲ ಅನ್ಸುತ್ತೆ. ಆದ್ರೆ ಲ್ಯಾಬಿಗೆ ಬರೋ ಸ್ಯಾಂಪಲ್ ಇಂಥದ್ದಾಗಿರಲ್ಲ. ಕಂಪನಿಯವ್ರೇ ಆರಿಸಿ ತಂದುಕೊಡೋ ಶೀಟು, ನಾವು ಅದನ್ನ ಗೋಲ್ಡನ್ ಸ್ಯಾಂಪಲ್ ಅಂತಿದ್ವಿ. ರಿಪೋರ್ಟ್ ಕೆಳಗೆ ಸಣ್ಣ ಅಕ್ಷರದಲ್ಲಿ ಈ ಫಲಿತಾಂಶ ಕೊಟ್ಟ ಸ್ಯಾಂಪಲ್ಲಿಗೆ ಮಾತ್ರ ಅಂತ ಇರುತ್ತೆ, ಅದು ಸುಳ್ಳಲ್ಲ, ಆದ್ರೆ ಅಂಗಡೀಲಿ ಆ ಸಾಲು ಯಾರು ಓದ್ತಾರೆ? ಫೇಲ್ ಅಂತ ಬರೆದ ದಿನ ಸಂಜೆ ಫೋನ್ ಬರ್ತಿತ್ತು, ಪಕ್ಕದ ಲ್ಯಾಬಲ್ಲಿ ನಾಳೆನೇ ಪಾಸ್ ಮಾಡಿಕೊಡ್ತಾರೆ ನಿಮಗೇನು ಕಷ್ಟ ಅಂತ. ಟೆಸ್ಟ್ ಮಾಡಿಸ್ಕೊಳೋನೇ ಟೆಸ್ಟ್ ಮಾಡೋನಿಗೆ ಸಂಬಳ ಕೊಡ್ತಾನೆ, ಎಲ್ಲ ರೋಗ ಅಲ್ಲೇ ಇರೋದು.

ವೈಟ್‌ಫೀಲ್ಡ್ ಕೋಡರ್

ಬೇಜಾರಾಗ್ಬೇಡಿ, ಆದ್ರೆ ಎಲ್ಲದಕ್ಕೂ ಸರ್ಕಾರ ಬರಲಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಸರ್ಕಾರ ಬಂತು ಅಂದ್ರೆ ಇನ್ಸ್‌ಪೆಕ್ಟರ್ ಬರ್ತಾನೆ, ಇನ್ಸ್‌ಪೆಕ್ಟರ್ ಬಂದ್ರೆ ಲಂಚ ಬರುತ್ತೆ. ಅಮೆರಿಕಾದಲ್ಲಿ ನೋಡಿ, ಪ್ಲಗ್ಗು, ಚಾರ್ಜರು, ಮಿಕ್ಸಿ ಎಲ್ಲದರ ಮೇಲೂ ಯುಎಲ್ ಅಂತ ಇರುತ್ತೆ, ಅದು ಖಾಸಗಿ ಸಂಸ್ಥೆ, ಜನ ನೂರು ವರ್ಷದಿಂದ ನಂಬ್ತಾರೆ. ಕೆಟ್ಟ ಸರ್ಟಿಫಿಕೇಟ್ ಕೊಟ್ರೆ ಹೆಸರು ಹೋಗುತ್ತೆ, ವ್ಯಾಪಾರ ಹೋಗುತ್ತೆ, ಅದೇ ಸಾಕಲ್ವಾ? ನಮ್ಮಲ್ಲೂ ಹಾಗೇ ಬಿಟ್ರೆ ಸರಿಹೋಗುತ್ತೆ.

ಬಾಯ್ಲರ್ ಮೇಷ್ಟ್ರು

ತಮ್ಮಾ, ನಾನು ಮೂವತ್ತು ವರ್ಷ ಬಾಯ್ಲರ್ ಪಕ್ಕ ಕೆಲಸ ಮಾಡಿ ರಿಟೈರ್ ಆದವನು, ನೀನು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಬಿಟ್ಟೋಗಿದೆ.

ಯುಎಲ್ ಶುರುವಾಗಿದ್ದು 1894ರಲ್ಲಿ, ಷಿಕಾಗೊದಲ್ಲಿ. ಅದಕ್ಕೆ ಹಿಂದಿನ ವರ್ಷ ಅಲ್ಲಿ ದೊಡ್ಡ ವಿಶ್ವಮೇಳ ನಡೆದಿತ್ತು, ಎಲ್ಲೆಲ್ಲೂ ಕರೆಂಟ್ ದೀಪ, ಬೆಂಕಿ ಹತ್ಕೊಳೋ ಭಯ. ಅದಕ್ಕೆ ದುಡ್ಡು ಹಾಕಿದ್ದು ಫೈರ್ ಇನ್ಶೂರೆನ್ಸ್ ಕಂಪನಿಗಳು. ಇದನ್ನ ಗಮನಿಸು. ವಯರ್ ಕೆಟ್ಟದಿದ್ದು ಮನೆ ಸುಟ್ರೆ ದುಡ್ಡು ಕಟ್ಟಬೇಕಾದವರು ಅವರೇ, ಹಾಗಾಗಿ ಟೆಸ್ಟ್ ಸರಿಯಾಗಿ ಆಗಲಿ ಅನ್ನೋ ಆಸೆ ಅವರಿಗೇ ಇತ್ತು. ಈ ಅಮ್ಮನ ಪ್ಲೈ ಕೆಟ್ಟರೆ ಆ ಲ್ಯಾಬಿಗೆ ಒಂದು ರೂಪಾಯಿ ನಷ್ಟ ಇದೆಯಾ? ಅಲ್ಲೇ ವ್ಯತ್ಯಾಸ. ಮತ್ತೆ ಇವತ್ತು ಅಮೆರಿಕಾದಲ್ಲೂ ಅದನ್ನ ಸುಮ್ಮನೆ ಬಿಟ್ಟಿಲ್ಲ. ಕೆಲಸದ ಜಾಗದಲ್ಲಿ ಬಳಸೋ ವಿದ್ಯುತ್ ಉಪಕರಣ ಟೆಸ್ಟ್ ಮಾಡೋ ಖಾಸಗಿ ಲ್ಯಾಬುಗಳಿಗೆ ಓಷಾ ಅನ್ನೋ ಸರ್ಕಾರಿ ಸಂಸ್ಥೆ ಮಾನ್ಯತೆ ಕೊಡಬೇಕು, ಆಡಿಟ್ ಮಾಡುತ್ತೆ, ತಪ್ಪಿದ್ರೆ ಮಾನ್ಯತೆ ಕಿತ್ಕೊಳುತ್ತೆ. ಯುಎಲ್ಲೂ ಆ ಪಟ್ಟೀಲೇ ಇರೋದು.

ಇನ್ನು ಹೆಸರು ಹೋಗುತ್ತೆ ಅನ್ನೋ ಭಯ ಸಾಕು ಅಂದ್ಯಲ್ಲ, ನಮ್ಮ ಕಸುಬಿನದ್ದೇ ಒಂದು ಕೇಸ್ ಹೇಳ್ತೀನಿ. ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದ್ರೆ ಉರಿ ತಾನೇ ಆಫ್ ಆಗೋಕೆ ಒಂದು ಉಪಕರಣ ಇರುತ್ತೆ. ಹೈಡ್ರೋಲೆವೆಲ್ ಅನ್ನೋ ಸಣ್ಣ ಕಂಪನಿ ಅದರಲ್ಲಿ ಹೊಸ ನಮೂನೆ ತಂತು. ಅಲ್ಲಿ ಬಾಯ್ಲರ್ ಕೋಡ್, ಅಂದ್ರೆ ಸುರಕ್ಷತಾ ನಿಯಮ, ಬರೆಯೋದು ಎಎಸ್‌ಎಂಇ ಅನ್ನೋ ಖಾಸಗಿ ಇಂಜಿನಿಯರುಗಳ ಸಂಘ, ಅದನ್ನೇ ರಾಜ್ಯಗಳು ಕಾನೂನು ಮಾಡ್ಕೊಂಡಿವೆ. ಆ ಸಂಘದ ಉಪಸಮಿತೀಲಿ ಎದುರಾಳಿ ಕಂಪನಿಯ ಉಪಾಧ್ಯಕ್ಷನೇ ಇದ್ದ. ಇಂಥ ನಮೂನೆ ಕೋಡಿಗೆ ಸರಿನಾ ಅಂತ ಆ ಎದುರಾಳಿ ಕಂಪನಿಯವರೇ ಸಂಘಕ್ಕೆ ಪ್ರಶ್ನೆ ಬರೆಸಿ, ಇವರೇ ಉತ್ತರ ತಯಾರು ಮಾಡಿ, ಸಂಘದ ಲೆಟರ್‌ಹೆಡ್ಡಲ್ಲಿ ಕಳಿಸಿಕೊಂಡ್ರು. ಆಮೇಲೆ ಆ ಕಂಪನಿ ಸೇಲ್ಸ್‌ನವರು ಆ ಕಾಗದ ಹಿಡ್ಕೊಂಡು ಊರೂರಿಗೆ ಹೋಗಿ, ನೋಡಿ ಹೈಡ್ರೋಲೆವೆಲ್ ಮಾಲು ಕೋಡಿಗೆ ವಿರುದ್ಧ ಅಂತ ತೋರಿಸಿದ್ರು. ಸಣ್ಣ ಕಂಪನಿ ನೆಲಕಚ್ಚಿತು. 1982ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು, ಸಂಘದ ಹೆಸರು ಬಳಸ್ಕೊಂಡು ಅದರ ಜನ ಮಾಡಿದ್ದಕ್ಕೆ ಸಂಘವೇ ಹೊಣೆ ಅಂತ ತೀರ್ಪು ಕೊಡ್ತು.

ಇನ್ನೊಂದು 1988ರಲ್ಲಿ ತೀರ್ಪು ಬಂದ ಕೇಸು. ಗೋಡೆ ಒಳಗೆ ವಯರ್ ಹೋಗೋ ಪೈಪು ಸ್ಟೀಲಿಂದೇ ಇರಬೇಕಾ ಪ್ಲಾಸ್ಟಿಕ್ ಆಗುತ್ತಾ ಅನ್ನೋದು ಅಲ್ಲಿ ಬೆಂಕಿ ಸುರಕ್ಷತಾ ಸಂಘದ ಸಭೇಲಿ ಓಟಿಗೆ ಬಂತು. ಸ್ಟೀಲ್ ಪೈಪಿನವರು 230 ಜನರನ್ನ ಸದಸ್ಯರಾಗಿ ಮಾಡಿಸಿ, ಖರ್ಚು ಕೊಟ್ಟು ಸಭೆಗೆ ಕರ್ಕೊಂಡು ಬಂದ್ರು. ಪ್ಲಾಸ್ಟಿಕ್ 394ಕ್ಕೆ 390 ಓಟಲ್ಲಿ ಸೋತ್ಹೋಯ್ತು, ಬರೀ ನಾಲ್ಕು ಓಟು! ನಮ್ಮ ಸೊಸೈಟಿ ಎಲೆಕ್ಷನ್ನಿಗೆ ಬಸ್ಸಲ್ಲಿ ಜನ ತುಂಬ್ಕೊಂಡು ಬರ್ತಾರಲ್ಲ, ಥೇಟ್ ಹಾಗೆ. ಸುಪ್ರೀಂ ಕೋರ್ಟು ಇದಕ್ಕೆ ಕಾನೂನಿನ ರಕ್ಷಣೆ ಇಲ್ಲ ಅಂತು. ಅಲ್ಲಿ ಕೋರ್ಟು ಕೇಳ್ತು. ಕೇಳೋರೇ ಇಲ್ದೆ ಇದ್ದಿದ್ರೆ ಹೆಸರೂ ಹೋಗ್ತಿರಲಿಲ್ಲ, ವ್ಯಾಪಾರನೂ ಹೋಗ್ತಿರಲಿಲ್ಲ.

ವೈಟ್‌ಫೀಲ್ಡ್ ಕೋಡರ್

ಇನ್ಶೂರೆನ್ಸ್ ವಿಷಯ ಗೊತ್ತಿರಲಿಲ್ಲ ಸಾರ್, ಅದು ಒಳ್ಳೆ ಪಾಯಿಂಟ್. ಆದ್ರೂ ಲಂಚದ ಪ್ರಶ್ನೆ ಹಾಗೇ ಉಳೀತಲ್ವಾ?

ಪೀಣ್ಯ ವರ್ಕ್‌ಶಾಪ್

ಲಂಚದ ವಿಷಯ ನಾನು ಹೇಳ್ತೀನಿ ಕೇಳಿ, ಪೀಣ್ಯ ಎರಡನೇ ಹಂತದಲ್ಲಿ ನಂದು ಸಣ್ಣ ಯೂನಿಟ್ಟು, ಹನ್ನೆರಡು ಜನ ಕೆಲಸದವರು.

ನಂಗೆ ಟೆಂಡರಿಗೆ ಐಎಸ್ಒ 9001 ಬೇಕಾಗಿತ್ತು. ಒಬ್ಬ ಕನ್ಸಲ್ಟೆಂಟ್ ಬಂದ, ಯೂನಿಟ್ಟಿಗೆ ಬರೋದೇ ಬೇಡ ಸಾರ್, ಜಿಎಸ್‌ಟಿ ಸರ್ಟಿಫಿಕೇಟು ವಾಟ್ಸಾಪ್ ಮಾಡಿ, ಒಂದು ವಾರದಲ್ಲಿ ಫ್ರೇಮ್ ಹಾಕಿಸಿ ತಂದುಕೊಡ್ತೀನಿ ಅಂದ. ಇನ್ನೊಂದು ಏಜೆನ್ಸಿ ಎರಡು ದಿನ ಬಂದು ಕೂತು, ಗೇಜುಗಳು ಕ್ಯಾಲಿಬ್ರೇಟ್ ಆಗಿದೆಯಾ, ರಿಜೆಕ್ಟ್ ಆದ ಮಾಲು ಎಲ್ಲಿಡ್ತೀಯಾ ಅಂತ ಪ್ರಾಣ ತಿಂದು ನಾಲ್ಕು ತಪ್ಪು ಬರೆದು ಹೋಯ್ತು. ಖರ್ಚು ಆ ಮೊದಲನೇದಕ್ಕಿಂತ ಎಷ್ಟೋ ಪಟ್ಟು. ಎರಡೂ ಸರ್ಟಿಫಿಕೇಟು ಗೋಡೆ ಮೇಲೆ ಒಂದೇ ತರ ಕಾಣುತ್ತೆ ಸ್ವಾಮಿ. ನಾನು ಕಷ್ಟಪಟ್ಟು ಎರಡನೇದು ತಗೊಂಡೆ, ಟೆಂಡರಲ್ಲಿ ನನ್ನ ಪಕ್ಕ ನಿಂತವನು ಮೊದಲನೇದು ತಂದಿದ್ದ, ಅವನ ರೇಟು ಕಮ್ಮಿ, ಟೆಂಡರ್ ಅವನಿಗೇ ಹೋಯ್ತು. ಲಂಚ ಸರ್ಕಾರದಲ್ಲಿ ಮಾತ್ರ ಇರೋದು ಅನ್ನೋರಿಗೆ ಇದನ್ನ ಏನಂತ ಕರೀಬೇಕು ಹೇಳಿ.

ಅಸಲಿ ನಕಲಿ ಕಂಡುಹಿಡಿಯೋ ದಾರಿ ಇದೆ. ಸರ್ಟಿಫಿಕೇಟ್ ಕೊಡೋ ಏಜೆನ್ಸಿಗೂ ಮೇಲೊಬ್ಬ ಮಾನ್ಯತೆ ಕೊಟ್ಟಿರ್ಬೇಕು. ನಮ್ಮ ದೇಶದಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಂತ 1997ರಲ್ಲಿ ಸರ್ಕಾರ ಮತ್ತು ಉದ್ಯಮ ಸಂಘಗಳು ಸೇರಿ ಮಾಡಿದ್ದು, ಅದರ ಕೆಳಗೆ ಎನ್‌ಎಬಿಸಿಬಿ ಸರ್ಟಿಫಿಕೇಟ್ ಏಜೆನ್ಸಿಗಳಿಗೆ, ಎನ್‌ಎಬಿಎಲ್ ಲ್ಯಾಬುಗಳಿಗೆ ಮಾನ್ಯತೆ ಕೊಡುತ್ತೆ. ಸರ್ಟಿಫಿಕೇಟ್ ಮೇಲೆ ಇಂಥ ಯಾವ ಮಾನ್ಯತೆ ಗುರುತೂ ಇಲ್ಲ ಅಂದ್ರೆ ಅದು ಬರೀ ಪ್ರಿಂಟ್‌ಔಟು. ಆದ್ರೆ ಮಾನ್ಯತೆ ಇಲ್ದೇನೂ ಸರ್ಟಿಫಿಕೇಟ್ ಮಾರೋಕೆ ಅಡ್ಡಿ ಮಾಡೋರು ಯಾರೂ ಇಲ್ಲ, ನನ್ನ ತಕರಾರು ಅಲ್ಲೇ ಇರೋದು. ಮೆಡಿಕಲ್ ಶಾಪ್ ಇಡೋಕೆ ಲೈಸೆನ್ಸ್ ಬೇಕು, ಬೀದೀಲಿ ಪಾನಿಪುರಿ ಮಾರೋಕೆ ನೋಂದಣಿ ಬೇಕು, ಗುಣಮಟ್ಟದ ಸರ್ಟಿಫಿಕೇಟ್ ಮಾರೋಕೆ ಮಾತ್ರ ಏನೂ ಬೇಡ್ವಾ?

ಅದೇ ಉಸಿರಲ್ಲಿ ಇನ್ನೊಂದು ಮಾತು. ಬಿಐಎಸ್ ಲೈಸೆನ್ಸ್ ತಗೊಳೋದು ನಮ್ಮಂಥ ಸಣ್ಣೋರಿಗೆ ಭಾರ. ಟೆಸ್ಟ್ ಸಲಕರಣೆ ಇಡಬೇಕು, ಅದನ್ನ ನೋಡ್ಕೊಳೋಕೆ ಒಬ್ಬ ಓದಿದ ಹುಡುಗ ಬೇಕು, ಸ್ಯಾಂಪಲ್ ಫೀ, ಮಾರ್ಕಿಂಗ್ ಫೀ. ಮೈಕ್ರೊ ಯೂನಿಟ್ಟಿಗೆ ಕನಿಷ್ಠ ಮಾರ್ಕಿಂಗ್ ಫೀಯಲ್ಲಿ 80% ರಿಯಾಯಿತಿ ಕೊಟ್ಟಿದ್ದು ಒಳ್ಳೇದೇ, ಆದ್ರೆ ಖರ್ಚು ಬರೀ ಫೀ ಅಲ್ಲ. ಕಡ್ಡಾಯ ಮಾಡಿ, ಬೇಡ ಅನ್ನಲ್ಲ, ಆದ್ರೆ ನಿಯತ್ತಾಗಿ ಮಾಡೋನು ಮೊದಲು ಸಾಯೋ ಹಾಗೆ ಮಾಡ್ಬೇಡಿ.

ಚನ್ನಪಟ್ಟಣದ ಸೊಸೆ

ಪೀಣ್ಯದಣ್ಣ ಹೇಳಿದ್ದು ನಿಜ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಮಾರ್ಕ್ ಕಡ್ಡಾಯ ಆಯ್ತಲ್ಲ, ಆಗ ನಮ್ಮೂರಲ್ಲಿ ಎಲ್ಲರಿಗೂ ಗಾಬರಿ, ಮನೆ ಮುಂದೆ ಪಟ್ಟಡಿ ಇಟ್ಕೊಂಡು ಆಲೆ ಮರದಲ್ಲಿ ಬುಗುರಿ ಕಡೆಯೋ ನಮ್ಮ ಮಾವ ಲ್ಯಾಬ್ ಎಲ್ಲಿಂದ ತರ್ತಾರೆ? ಆಮೇಲೆ ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಟ್ಯಾಗ್ ಇರೋ ಆಟಿಕೆಗಳಿಗೂ ವಿನಾಯಿತಿ ಕೊಟ್ರು, ಆಗ ಉಸಿರಾಡಿದ್ವಿ. ಆದ್ರೆ ಅರಗಿನ ಬಣ್ಣದ ಬದಲು ಕೆಮಿಕಲ್ ಬಣ್ಣ ಬಳಿದು ಚನ್ನಪಟ್ಟಣದ್ದು ಅಂತ ಹೈವೇಲಿ ಮಾರೋರನ್ನ ಯಾರಾದ್ರೂ ಹಿಡೀಲಿ ಅನ್ನೋ ಆಸೆನೂ ನಮಗಿದೆ. ಮಕ್ಕಳು ಅದನ್ನ ಬಾಯಿಗೆ ಹಾಕ್ಕೊಳ್ತವೆ.

ನಗರತ್‌ಪೇಟೆ

ಚಿನ್ನದ ಉದಾಹರಣೆ ಯಾರೂ ಎತ್ತಲಿಲ್ವಲ್ಲ. ಖಾಸಗಿಯವರು ಟೆಸ್ಟ್ ಮಾಡಲಿ, ಸರ್ಕಾರ ಮೇಲೆ ನಿಂತು ನೋಡಲಿ ಅನ್ನೋದು ಹೇಗಿರ್ಬೇಕು ಅಂದ್ರೆ ಅದನ್ನ ನೋಡಿ. ನಮ್ಮ ಮನೇಲಿ ಮೂರು ತಲೆಮಾರಿಂದ ಇದೇ ಕೆಲಸ. ಹಾಲ್‌ಮಾರ್ಕ್ ಸೆಂಟರುಗಳೆಲ್ಲ ಬಹುಪಾಲು ಖಾಸಗಿಯವೇ, ಬಿಐಎಸ್ ಮಾನ್ಯತೆ ಕೊಡುತ್ತೆ. 2021ರ ಜೂನಿಂದ ಹಂತಹಂತವಾಗಿ ಕಡ್ಡಾಯ ಮಾಡಿದ್ರು, ಮೊದಲು 256 ಜಿಲ್ಲೆ. 2023ರ ಏಪ್ರಿಲಿಂದ ಆರು ಅಕ್ಷರದ ಎಚ್‌ಯುಐಡಿ ಇಲ್ದೆ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಒಂದು ಓಲೆಗೆ ಒಂದು ನಂಬರ್, ಆ ನಂಬರ್ ಇನ್ನೊಂದಕ್ಕೆ ಬರಲ್ಲ. ಕೊಳ್ಳೋಕೆ ಬಂದೋರು ಅಂಗಡೀಲಿ ಕೂತು ಫೋನಲ್ಲಿ ಹೊಡೆದ್ರೆ ಯಾವ ಅಂಗಡಿಯವರು ಕೊಟ್ಟಿದ್ದು, ಯಾವ ಸೆಂಟರಲ್ಲಿ ಟೆಸ್ಟ್ ಆಗಿದ್ದು, ಎಷ್ಟು ಶುದ್ಧತೆ ಎಲ್ಲ ಬರುತ್ತೆ. ಅನುಮಾನ ಇದ್ರೆ ಗಿರಾಕಿನೇ ನೇರ ಸೆಂಟರಿಗೆ ಹೋಗಿ ನಾಲ್ಕು ಒಡವೆವರೆಗೆ 200 ರೂಪಾಯಿ ಕೊಟ್ಟು ಟೆಸ್ಟ್ ಮಾಡಿಸಬಹುದು. ಶುದ್ಧತೆ ಕಮ್ಮಿ ಬಂದ್ರೆ ಆ ವ್ಯತ್ಯಾಸದ ಎರಡರಷ್ಟು ದುಡ್ಡು, ಜೊತೆಗೆ ಟೆಸ್ಟ್ ಖರ್ಚು ವಾಪಸ್ ಕೊಡಬೇಕು ಅಂತ ನಿಯಮಾನೇ ಇದೆ. ಮೊದಲು ನಮ್ಮೋರೂ ತುಂಬಾ ಗೊಣಗಿದ್ರು, ಈಗ ಅದೇ ನಂಬರ್ ತೋರಿಸಿ ವ್ಯಾಪಾರ ಮಾಡ್ತಾರೆ.

ಮಾರತ್ತಹಳ್ಳಿ ಅಪಾರ್ಟ್‌ಮೆಂಟ್

ನಮ್ಮ ತಲೆನೋವು ನೀರಿನ ಕ್ಯಾನು. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು, ಕುಡಿಯೋಕೆ 20 ಲೀಟರ್ ಕ್ಯಾನೇ ಗತಿ ಆಗಿತ್ತು. ಆಗ ಕ್ಯಾನ್ ಮೇಲೆ ಐಎಸ್ 14543 ಅಂತ ಮಾರ್ಕ್ ನೋಡಿ ತಗೊಳಿ ಅಂತ ನಾನೇ ನಿವಾಸಿಗಳಿಗೆ ಮೆಸೇಜ್ ಹಾಕಿದ್ದೆ. ಅದೇ ವರ್ಷ ಅಕ್ಟೋಬರಲ್ಲಿ ಪ್ಯಾಕ್ ಮಾಡಿದ ಕುಡಿಯೋ ನೀರಿಗೆ ಬಿಐಎಸ್ ಕಡ್ಡಾಯ ಅನ್ನೋದನ್ನ ಆಹಾರ ಸುರಕ್ಷತೆ ನೋಡ್ಕೊಳೋ ಎಫ್‌ಎಸ್‌ಎಸ್‌ಎಐ ತೆಗೆದುಹಾಕ್ತು, ನವೆಂಬರಲ್ಲಿ ಹೆಚ್ಚು ಅಪಾಯದ ಆಹಾರ ಅನ್ನೋ ಪಟ್ಟಿಗೆ ಸೇರಿಸಿ ವರ್ಷಕ್ಕೊಮ್ಮೆ ಥರ್ಡ್ ಪಾರ್ಟಿ ಆಡಿಟ್ ಅಂತು. ಎರಡು ಕಡೆ ಲೈಸೆನ್ಸ್ ತಗೊಳೋ ಹೊರೆ ಇಳಿಸಿದ್ದು ಸರಿ ಇರಬಹುದು, ಆದ್ರೆ ಆ ಆಡಿಟ್ ಮಾಡೋದೂ ಖಾಸಗಿ ಏಜೆನ್ಸಿ, ದುಡ್ಡು ಕೊಡೋದು ನೀರಿನ ಘಟಕದವರು. ಲ್ಯಾಬ್ ಸಾರ್ ಹೇಳಿದ ಅದೇ ರೋಗ ಇಲ್ಲೂ ಬರುತ್ತೆ. ಆಡಿಟ್ ರಿಪೋರ್ಟ್ ಘಟಕದ ಹೆಸರಿನ ಪಕ್ಕದಲ್ಲೇ ಎಲ್ಲರಿಗೂ ಕಾಣೋ ಹಾಗೆ ಹಾಕಲಿ, ನಾನು ಕೇಳೋದು ಅಷ್ಟೇ.

ಲ್ಯಾಬ್ ಕೆಲಸದವನು, ರಾಜಾಜಿನಗರ

ಮಾರತ್ತಹಳ್ಳಿ ಮೇಡಂ ಹೇಳಿದ್ದಕ್ಕೆ ಕೈ ಜೋಡಿಸ್ತೀನಿ. ನನ್ನ ಅನುಭವದಲ್ಲಿ ವಿಷಯ ತಿರುಗೋದು ಎರಡೇ ಕಡೆ. ಸ್ಯಾಂಪಲ್ ಆರಿಸೋನು ಕಂಪನಿಯವನಾಗಿರಬಾರದು, ಅಂಗಡಿಯಿಂದ ಹೇಳದೆ ಕೇಳದೆ ಎತ್ಕೊಂಡು ಬರಬೇಕು, ಬಿಐಎಸ್‌ನವರು ಮಾರ್ಕೆಟ್ ಸ್ಯಾಂಪಲ್ ತಗೋತಾರಲ್ಲ ಹಾಗೆ. ಅದರ ಸಂಖ್ಯೆ ಹೆಚ್ಚಬೇಕು. ಇನ್ನೊಂದು, ತಪ್ಪು ರಿಪೋರ್ಟ್ ಕೊಟ್ಟ ಲ್ಯಾಬಿಗೂ ನಷ್ಟ ಆಗ್ಬೇಕು, ಬಾಯ್ಲರ್ ಮೇಷ್ಟ್ರು ಹೇಳಿದ ಇನ್ಶೂರೆನ್ಸ್ ಕಥೆ ಅದೇ. ಫ್ರಾನ್ಸಿನ ಪಿಐಪಿ ಕಂಪನಿ ಸ್ತನದ ಇಂಪ್ಲಾಂಟಿಗೆ ಕಾರ್ಖಾನೆ ದರ್ಜೆಯ ಸಿಲಿಕೋನ್ ತುಂಬಿ 2010ರಲ್ಲಿ ಸಿಕ್ಕಿಬಿತ್ತಲ್ಲ, ಆ ಕಂಪನಿಗೂ ಸರ್ಟಿಫಿಕೇಟ್ ಇತ್ತು, ಆಡಿಟರುಗಳೂ ಬಂದು ಹೋಗ್ತಿದ್ರು, ಬರೋ ದಿನ ಮೊದಲೇ ಗೊತ್ತಿರ್ತಿತ್ತು. ಇದಾದ ಮೇಲೆ 2013ರಲ್ಲಿ ಯುರೋಪಿಯನ್ ಕಮಿಷನ್ನು ಹೇಳದೆ ಹೋಗಿ ಆಡಿಟ್ ಮಾಡಿ ಅಂತ ಶಿಫಾರಸು ಮಾಡ್ತು.

ಸಿಇ ಮಾರ್ಕ್ ನೋಡಿ ಎಸ್‌ಪಿ ರೋಡಲ್ಲಿ ಚಾರ್ಜರ್ ತಗೊಳೋರಿಗೂ ಒಂದು ಮಾತು, ಬಹುಪಾಲು ವಸ್ತುಗಳಿಗೆ ಅದು ತಯಾರಕ ತಾನೇ ಹಾಕ್ಕೊಳೋ ಗುರುತು, ಯುರೋಪಲ್ಲಿ ಮಾರೋಕೆ ಬೇಕಾಗಿದ್ದು. ಇಲ್ಲಿ ಚಾರ್ಜರಿಗೆ ಬೇಕಾಗಿರೋದು ಬಿಐಎಸ್‌ನ ಆರ್ ಅಂತ ಶುರುವಾಗೋ ನೋಂದಣಿ ನಂಬರ್, ಅದನ್ನೂ ಅದೇ ಆಪಲ್ಲಿ ನೋಡಬಹುದು.

ಹನುಮಂತನಗರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತುಂಡು ಇಳಿಸಿ ಬೆಳಕಿಗೆ ಹಿಡಿದು ನೋಡಿದೆ, ಸಿಎಂ/ಎಲ್ ನಂಬರ್ ಇಲ್ವೇ ಇಲ್ಲ. ಲಾಂಛನ ಅಂದ್ಕೊಂಡಿದ್ದು ಅದೇ ಆಕಾರದಲ್ಲಿ ಬರೆದಿರೋ ಕಂಪನಿ ಹೆಸರಿನ ಮೊದಲ ಅಕ್ಷರಗಳು. ಎರಡು ವರ್ಷ ಮನೇಲೇ ಇತ್ತು, ಒಂದು ಸಲನೂ ಹತ್ರದಿಂದ ನೋಡಿಲ್ಲ. ನಾನು ತಗೊಂಡಾಗ ಕಡ್ಡಾಯ ಇರಲಿಲ್ಲ ಅಂತ ಅಂಗಡಿಯವ್ರ ವಾದ.

ಪೀಣ್ಯ ವರ್ಕ್‌ಶಾಪ್

ಆ ವಾದ ನಿಲ್ಲಲ್ಲ ಅಮ್ಮ. ಪ್ಲೈವುಡ್ಡಿಗೆ ಐಎಸ್ಐ ಮಾರ್ಕ್ ಕಡ್ಡಾಯ ಮಾಡೋ ಕ್ವಾಲಿಟಿ ಕಂಟ್ರೋಲ್ ಆರ್ಡರ್ ಜಾರಿಗೆ ಬಂದಿದ್ದು 2025ರಲ್ಲಿ, ಅದು ಹೌದು. ಆದ್ರೆ ಲೈಸೆನ್ಸ್ ಇಲ್ದೆ ನಮ್ಮ ಮಾಲು ಇಂಥ ಐಎಸ್ ಪ್ರಕಾರ ಇದೆ ಅಂತ ಜನಕ್ಕೆ ಹೇಳ್ಕೊಳೋದನ್ನೇ 2016ರ ಬಿಐಎಸ್ ಕಾಯ್ದೆ ಬೇಡ ಅನ್ನುತ್ತೆ, ಕಡ್ಡಾಯ ಇರಲಿ ಬಿಡಲಿ. ಬಿಲ್ ಇದ್ರೆ ಆಪಲ್ಲೇ ದೂರು ಹಾಕಿ, ಇಲ್ಲಾಂದ್ರೆ ಪೀಣ್ಯದ ಬಿಐಎಸ್ ಆಫೀಸಿಗೇ ತುಂಡು ಸಮೇತ ಹೋಗಿ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ. ಗ್ರಾಹಕ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದ ಮಿತಿ ಇದೆ ಅದನ್ನ ನೆನಪಿಟ್ಕೊಳಿ, 5 ಲಕ್ಷದೊಳಗಿನ ಖರೀದಿಗೆ ಫೀ ಇಲ್ಲ.

ಹನುಮಂತನಗರದವಳು

ಹತ್ತು ದಿನ ಆದ್ಮೇಲೆ ಬರೀತಿದ್ದೀನಿ. ದೂರು ಆಪಲ್ಲಿ ಹಾಕಿದೀನಿ, ಬಿಲ್ಲೂ ಸೀಲಿನ ಫೋಟೋನೂ ಸೇರಿಸಿ. ಅಂಗಡಿಯವ್ರು ದೂರಿನ ನಂಬರ್ ತೋರಿಸಿದ್ಮೇಲೆ ಶೀಟಿನ ದುಡ್ಡು ವಾಪಸ್ ಕೊಡ್ತೀನಿ ಅಂದ್ರು, ದುಡ್ಡು ತಗೊಂಡೆ, ದೂರು ವಾಪಸ್ ತಗೊಳಲ್ಲ ಅಂತಾನೂ ಹೇಳಿದೆ. ಅದೇ ಸೀಲಿನ ಶೀಟು ಇನ್ನೆಷ್ಟು ಮನೆ ಸಿಂಕ್ ಕೆಳಗಿದೆಯೋ.

ನಿನ್ನೆ ಕಾರ್ಪೆಂಟರ್ ಜೊತೆ ಬೇರೆ ಅಂಗಡಿಗೆ ಹೋಗಿದ್ದೆ. ಅವ್ರು ಶೀಟ್ ಮೇಲೆ ಬಗ್ಗಿ ನಂಬರ್ ಒಂದೊಂದೇ ಓದಿದ್ರು, ನಾನು ಫೋನಲ್ಲಿ ಹೊಡೆದೆ. ಮೊದಲನೇ ಬ್ರ್ಯಾಂಡಿಂದು ಬರಲೇ ಇಲ್ಲ. ಎರಡನೇದು ಬಂತು, ಆದ್ರೆ ಲೈಸೆನ್ಸ್ ಇದ್ದಿದ್ದು ಮಾಮೂಲಿ ಪ್ಲೈನ ಐಎಸ್ 303ಕ್ಕೆ, ಶೀಟ್ ಮೇಲೆ 710. ಮೂರನೇದು ಸರಿಹೋಯ್ತು, ಫ್ಯಾಕ್ಟರಿ ಹೆಸರು, ಐಎಸ್ ನಂಬರ್, ಲೈಸೆನ್ಸ್ ಚಾಲ್ತೀಲಿರೋದು ಎಲ್ಲ. ಕಾರ್ಪೆಂಟರ್ ಕಿವಿ ಮೇಲಿದ್ದ ಪೆನ್ಸಿಲ್ ತೆಗೆದು ಆ ನಂಬರ್ರನ್ನ ಅಳತೆ ಬರೆಯೋ ಪುಸ್ತಕದಲ್ಲಿ ಬರ್ಕೊಂಡ್ರು, ಇನ್ಮೇಲೆ ಎಲ್ಲ ಮನೆಗೂ ಇದನ್ನ ನೋಡೇ ತರ್ತೀನಿ ಅಕ್ಕ ಅಂದ್ರು.

ಲ್ಯಾಬ್ ಕೆಲಸದವನು, ರಾಜಾಜಿನಗರ

ಒಳ್ಳೆ ಕೆಲಸ ಆಯ್ತು ಅಕ್ಕ. ಲ್ಯಾಮಿನೇಟ್ ಅಂಟಿಸೋಕೆ ಮುಂಚೆ ಸೀಲಿನ ಫೋಟೋ ತೆಗೆದಿಟ್ಕೊಳಿ, ಒಂದು ಸಲ ಅಂಟಿಸಿದ್ರೆ ನಂಬರ್ ಒಳಗೇ ಮುಚ್ಚಿಹೋಗುತ್ತೆ, ಆಮೇಲೆ ಯಾವ ಶೀಟ್ ಹಾಕಿದ್ರು ಅಂತ ತೋರಿಸೋಕೆ ಏನೂ ಇರಲ್ಲ. ಈ ಸಲ ಅಟ್ಟದ ಮೇಲೆ ತುಂಡು ಉಳಿದಿದ್ದಕ್ಕೆ ಸಿಕ್ತು.

ಹನುಮಂತನಗರದವಳು

ತೆಗೆದಿದೀನಿ. ಬಿಲ್ಲಿನ ಹಿಂದೆ ಕಾರ್ಪೆಂಟರ್ ಕೈಲೇ ಆ ನಂಬರ್ ಬರೆಸಿ, ಸೀಲಿರೋ ಒಂದು ತುಂಡೂ ಕತ್ತರಿಸಿ ಅಟ್ಟಕ್ಕೆ ಹಾಕಿಸಿದೀನಿ.